ಸಾಕು ಬಾಲ್ ಪೈಥಾನ್‌ಗಳನ್ನು ಒಟ್ಟಿಗೆ ಇರಿಸುವ ಬಗ್ಗೆ ಮಾಹಿತಿ

ನಾಗರಹಾವು, ಕೇರೆಹಾವು, ಹೆಬ್ಬಾವು ಮುಂತಾದ ದೇಶೀಯ ಹಾವುಗಳನ್ನು ಮನೆಯಲ್ಲಿ ಸಾಕುವುದನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರನ್ವಯ ನಿಷೇಧಿಸಲಾಗಿದೆ. ಆಫ್ರಿಕಾ ಮೂಲದ ಬಾಲ್ ಪೈಥಾನ್ ಸದರಿ ಕಾಯ್ದೆಯ 4ನೇ ಅನುಸೂಚಿಗೆ ಸೇರಿದ್ದು, ಇದನ್ನು ಹೊಂದಿರುವವರು 2024ರ ನಿಯಮಗಳಂತೆ ಪರಿವೇಶ್ ಜಾಲತಾಣದ ಮೂಲಕ ಮುಖ್ಯ ವನ್ಯಜೀವಿ ಪರಿಪಾಲಕರಲ್ಲಿ ನೋಂದಾಯಿಸತಕ್ಕದ್ದು. ಮರಿಗಳ ಜನನವನ್ನೂ ವರದಿ ಮಾಡತಕ್ಕದ್ದು.

ಗಂಡು, ಹೆಣ್ಣು ಹಾವುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಇರಿಸಿದಲ್ಲಿ ಅನಪೇಕ್ಷಿತ ಸಂತಾನೋತ್ಪತ್ತಿಯಾಗುವ ಸಂಭವವಿರುತ್ತದೆ. ಹೆಣ್ಣು ಹಾವು ವೀರ್ಯವನ್ನು ತಿಂಗಳುಗಟ್ಟಲೆ ದೇಹದಲ್ಲಿ ಉಳಿಸಿಕೊಳ್ಳಬಲ್ಲದಾದ್ದರಿಂದ, ಬೇರ್ಪಡಿಸಿದ ನಂತರವೂ ಮೊಟ್ಟೆ ಇಡಬಹುದು. ಪೂರ್ಣ ಬೆಳೆಯದ ಹೆಣ್ಣು ಹಾವು, ಮೊಟ್ಟೆ ಒಳಗೇ ಸಿಲುಕಿ ಸಾಯಲೂಬಹುದು.

ಆದುದರಿಂದ ಹಾವುಗಳ ಲಿಂಗವನ್ನು ಪಶುವೈದ್ಯರಿಂದ ಖಚಿತಪಡಿಸಿಕೊಂಡು, ಪ್ರತಿಯೊಂದನ್ನೂ ಪ್ರತ್ಯೇಕ ಪೆಟ್ಟಿಗೆಯಲ್ಲಿ ಇರಿಸುವುದು ಸೂಕ್ತ. ಹೆಚ್ಚುವರಿ ಮರಿಗಳನ್ನು ಯಾವುದೇ ಕಾರಣಕ್ಕೂ ಕೆರೆ, ಕಾಡು ಅಥವಾ ಬಯಲಿನಲ್ಲಿ ಬಿಡಬಾರದು.