ಗೇಣಿ ಅಳಿದ ಕಾಸರಗೋಡು
1956ರಲ್ಲಿ ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ಕಾಸರಗೋಡು ಮೂಲಗೇಣಿ, ಚಾಲಗೇಣಿಗಳ ನಾಡು. ಮೂಲಗೇಣಿಯ ಒಕ್ಕಲಿಗೆ ಶಾಶ್ವತ ಹಕ್ಕಿತ್ತು. ಚಾಲಗೇಣಿಯವನು ಧಣಿಯ ಮರ್ಜಿಯಲ್ಲಿದ್ದ. ಕೇರಳದ ತಿದ್ದುಪಡಿ ಕಾನೂನು 1970ರ ಜನವರಿ 1ರಿಂದ ಗೇಣಿಪದ್ಧತಿಯನ್ನೇ ರದ್ದುಗೊಳಿಸಿತು. ತಲಪಾಡಿಯ ಆಚೆ, ಕರ್ನಾಟಕದಲ್ಲಿ ಉಳಿದ ಒಕ್ಕಲುಗಳು ಅಂಥ ಕಾನೂನಿಗೆ 1974ರ ಮಾರ್ಚ್‌ವರೆಗೆ ಕಾಯಬೇಕಾಯಿತು. ಗಡಿಯನ್ನು ಭಾಷೆಯ ನಷ್ಟವೆಂದಷ್ಟೇ ಎಣಿಸುವವರು ಈ ನಾಲ್ಕು ವರ್ಷಗಳನ್ನು ಲೆಕ್ಕಕ್ಕೆ ಹಿಡಿಯುವುದು ಅಪರೂಪ.

ಆದರೆ ಭೂಮಿ ದಕ್ಕಿದ್ದು ಗೇಣಿ ತೆರುತ್ತಿದ್ದವರಿಗೆ. ಅವರ ಗದ್ದೆಯಲ್ಲಿ ನೇಜಿ ನೆಟ್ಟ, ಕೊಯ್ದ ಕೂಲಿಯಾಳು ಕಾನೂನಿನ ಪ್ರಕಾರ ಗೇಣಿದಾರನಲ್ಲ. ಪರರ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡಿದ್ದವನಿಗೆ ‘ಕುಡಿಕಿಡಪ್ಪು’ ಹಕ್ಕಿನಂತೆ ಪಂಚಾಯತು ಪ್ರದೇಶದಲ್ಲಿ ಹೆಚ್ಚೆಂದರೆ 10 ಸೆಂಟ್ಸ್ ನೆಲವನ್ನು, ಅದನ್ನೂ ಬೆಲೆ ಕೊಟ್ಟು, ಪಡೆಯುವ ಅವಕಾಶವಿತ್ತು. ಎಬ್ಬಿಸುವರೆಂಬ ಭಯ ನೀಗಿತು. ಬೇಸಾಯಕ್ಕೆ ಅಷ್ಟು ನೆಲ ಸಾಲದು, ಕೂಲಿ ತಪ್ಪಲಿಲ್ಲ.