ಬಸದಿಯ ಧ್ವನಿ: ಜಾಗಟೆಯಿಂದ ನೇರಪ್ರಸಾರದವರೆಗೆ

ದೇವಪೂಜೆಯು ಶ್ರಾವಕನ ಷಟ್ಕರ್ಮಗಳಲ್ಲಿ ಮೊದಲನೆಯದೆಂಬುದು ವಾಚಕರಿಗೆ ವಿದಿತವೇ ಇದೆ. ಆ ಪೂಜೆಯನ್ನು ಬಸದಿಗೆ ಬರಲಾರದವರಿಗೆ ಹೇಗೆ ತಲುಪಿಸಬೇಕು ಎಂಬ ಪ್ರಶ್ನೆಯು ಈಚಿನ ವರ್ಷಗಳಲ್ಲಿ ನಮ್ಮ ಟ್ರಸ್ಟುಗಳ ಸಭೆಗಳಲ್ಲಿ ಮತ್ತೆ ಮತ್ತೆ ಏಳುತ್ತಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಜೈನರ ಮನೆಗಳು ಕಡಿಮೆ, ಇರುವವೂ ಚದುರಿಹೋಗಿವೆ. ಮಕ್ಕಳು ಉದ್ಯೋಗ ನಿಮಿತ್ತ ತುಮಕೂರು, ಬೆಂಗಳೂರು, ಅದರಾಚೆಗೂ ಹೋಗಿ ನೆಲೆಸಿದ್ದಾರೆ. ಊರಿನಲ್ಲಿ ಉಳಿದವರು ಬಹುಮಟ್ಟಿಗೆ ವೃದ್ಧರು. ಅಭಿಷೇಕವನ್ನು ಮೊಬೈಲಿನ ಮೂಲಕ ನೇರಪ್ರಸಾರ ಮಾಡಬೇಕೆಂದು ಯುವಕರು ಒತ್ತಾಯಿಸಿದರೆ, ಗರ್ಭಗೃಹದ ಮುಂದೆ ಯಂತ್ರವನ್ನು ನಿಲ್ಲಿಸುವುದೇ ಅವಿನಯವೆಂದು ಹಿರಿಯರು ಆಕ್ಷೇಪಿಸುತ್ತಾರೆ. ಈ ವಿವಾದವು ನಮ್ಮ ಕಾಲದಲ್ಲೇ ಹುಟ್ಟಿತೆಂದು ಅನೇಕರು ಭಾವಿಸಿದ್ದಾರೆ. ಇತಿಹಾಸವನ್ನು ಅವಲೋಕಿಸಿದರೆ ಹಾಗೆ ತೋರುವುದಿಲ್ಲ.

ದೂರದವರಿಗೂ ದರ್ಶನ

ಸಮವಸರಣದ ವರ್ಣನೆಯನ್ನು ನೆನಪಿಗೆ ತಂದುಕೊಳ್ಳೋಣ. ಅಲ್ಲಿ ತೀರ್ಥಂಕರರು ನಾಲ್ಕು ದಿಕ್ಕುಗಳಿಗೂ ಅಭಿಮುಖರಾಗಿ ಕಾಣುತ್ತಾರೆ. ಅವರ ದಿವ್ಯಧ್ವನಿಯು ನೆರೆದ ಸಕಲ ಜೀವಿಗಳಿಗೂ ಅವರವರ ಭಾಷೆಯಲ್ಲಿಯೇ ತಿಳಿಯುತ್ತದೆ. ಯಾರೂ ಹಿಂದೆ ಕುಳಿತವರಲ್ಲ, ಯಾರೂ ಹೊರಗಿನವರಲ್ಲ ಎಂಬ ಭಾವನೆಯು ಇದರಲ್ಲಿ ಅಡಗಿದೆ. ನಮ್ಮ ಪೂರ್ವಜರು ಇದನ್ನು ಕಲ್ಲಿನಲ್ಲಿ ತೋರಿಸಲು ಯತ್ನಿಸಿದರು. 1586ರಲ್ಲಿ ಕಾರ್ಕಳದ ಅರಸನು ಕಟ್ಟಿಸಿದ ಚತುರ್ಮುಖ ಬಸದಿಯಲ್ಲಿ ಯಾವ ದಿಕ್ಕಿನಿಂದ ಬಂದವನಿಗೂ ಜಿನಬಿಂಬಗಳು ಎದುರಾಗಿಯೇ ಕಾಣುತ್ತವೆ. ಬಸದಿಗಳ ಮುಂದಿನ ಮಾನಸ್ತಂಭಗಳ ಮೇಲೂ ನಾಲ್ಕು ಕಡೆಗೆ ಮುಖ ಮಾಡಿದ ಬಿಂಬಗಳಿರುವುದರಿಂದ, ಒಳಗೆ ಬರಲಾಗದವನೂ ಹೊರಗಿನಿಂದಲೇ ಕೈಮುಗಿಯಬಹುದು.

ಚಾವುಂಡರಾಯನು 981ರಲ್ಲಿ ಶ್ರವಣಬೆಳಗೊಳದಲ್ಲಿ ಪ್ರತಿಷ್ಠಾಪಿಸಿದ ಗೊಮ್ಮಟೇಶ್ವರ ಮೂರ್ತಿಯನ್ನೂ ಈ ದೃಷ್ಟಿಯಿಂದ ನೋಡಬಹುದು. ಸುಮಾರು 58 ಅಡಿ ಎತ್ತರದ ಆ ಮೂರ್ತಿಯು ದೊಡ್ಡಬೆಟ್ಟದ ನೆತ್ತಿಯಲ್ಲಿ ನಿಂತಿದೆ. ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಏರಲಾರದ ಮುದುಕನೊಬ್ಬನು ಹೊಲದ ಬದುವಿನಿಂದಲೇ ಸ್ವಾಮಿಯ ಶಿರಸ್ಸನ್ನು ಕಂಡು ನಮಸ್ಕರಿಸಿ ಹೋಗುತ್ತಾನೆ. ಅವನ ಪಾಲಿಗೆ ಅದೇ ನೇರದರ್ಶನ.

ನಮ್ಮ ಭಾಗದಲ್ಲಿಯೂ ಇಂತಹ ಪರಂಪರೆಯಿದೆ. ಪಾವಗಡ ತಾಲ್ಲೂಕಿನ ನಿಡುಗಲ್ಲು ಬೆಟ್ಟದ ಮೇಲೆ ಇರುಂಗೋಳನ ಆಳ್ವಿಕೆಯಲ್ಲಿ ಗಂಗೇಯನ ಮಾರೆಯನೆಂಬವನು ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದುದನ್ನು 1232ರ ಶಾಸನವು ತಿಳಿಸುತ್ತದೆ. ಮಧುಗಿರಿಯ ಕೋಟೆಬೆಟ್ಟದ ಬುಡದಲ್ಲಿ ಮಲ್ಲಿನಾಥ ಬಸದಿಯಿದೆ. ಬೆಟ್ಟದ ಮೇಲೆ ಮೊಳಗಿದ ಜಾಗಟೆ ಕೆಳಗಿನ ಊರಿಗೆಲ್ಲ ಕೇಳುತ್ತದೆ. ಗದ್ದೆಯಲ್ಲಿರುವವನು ಆ ಸದ್ದನ್ನು ಕೇಳಿ ಅಭಿಷೇಕದ ವೇಳೆಯಾಯಿತೆಂದು ತಿಳಿಯುತ್ತಾನೆ. ಪೂಜೆಯನ್ನು ದೂರಕ್ಕೆ ಒಯ್ಯಬೇಕೆಂಬ ಆಸೆಯು ಪುರಾತನವಾದುದು. ಸಾಧನವೊಂದು ಮಾತ್ರ ಕಾಲಕಾಲಕ್ಕೆ ಬದಲಾಗಿದೆ.

ಧ್ವನಿವರ್ಧಕ ಬಂದಾಗ

ಇಪ್ಪತ್ತನೆಯ ಶತಮಾನದಲ್ಲಿ ಧ್ವನಿವರ್ಧಕವು ಬಂದಾಗ ಜೈನ ಸಮಾಜದಲ್ಲಿ ನಡೆದ ಚರ್ಚೆಯು ಗಮನಾರ್ಹವಾದುದು. ಆಗಮಗಳು ಅಗ್ನಿಯನ್ನು ತೇಜಸ್ಕಾಯ ಜೀವವೆಂದು ಹೇಳುತ್ತವೆ. ಹಾಗಾದರೆ ವಿದ್ಯುತ್ತು ಸಚಿತ್ತವೋ ಅಚಿತ್ತವೋ? ಮುನಿಗಳು ಮೈಕಿನ ಮುಂದೆ ಪ್ರವಚನ ಮಾಡಬಹುದೇ? ಶ್ವೇತಾಂಬರ ಸ್ಥಾನಕವಾಸಿಗಳಲ್ಲಿ ಈ ಪ್ರಶ್ನೆಯು ತೀವ್ರ ಭಿನ್ನಾಭಿಪ್ರಾಯಕ್ಕೆ ಕಾರಣವಾಯಿತು. ತೇರಾಪಂಥದ ವಿದ್ವಾಂಸ ಮುನಿಗಳು ವಿದ್ಯುತ್ತು ಅಚಿತ್ತವೆಂದು ವಾದಿಸಿ ಗ್ರಂಥಗಳನ್ನೇ ರಚಿಸಿದರು. ಇಂದಿಗೂ ಮೈಕನ್ನು ಬಳಸದ ಸಾಧುಗಳಿದ್ದಾರೆ. ಅವರ ಧ್ವನಿಯು ಎಷ್ಟು ದೂರ ಹೋಗುವುದೋ ಅಷ್ಟೇ ಅವರ ಸಭೆ. ಈ ವಾದದಲ್ಲಿ ಯಾರು ಸರಿ ಎಂದು ನಿರ್ಣಯಿಸುವ ಅಧಿಕಾರ ನನ್ನಂತಹ ವ್ಯಾಪಾರಿಗಿಲ್ಲ. ಆದರೆ ಒಂದು ಯಂತ್ರವನ್ನು ಒಪ್ಪುವ ಮೊದಲು, ಇದರಿಂದ ಯಾವ ಜೀವಕ್ಕೆ ನೋವಾಗುವುದು ಎಂದು ಕೇಳಿದ ಸಮಾಜ ನಮ್ಮದೆಂಬುದು ಹೆಮ್ಮೆಯ ವಿಷಯ.

ಆ ಪ್ರಶ್ನೆಯನ್ನು ನಾವೇ ಮರೆತ ಪ್ರಸಂಗವೊಂದನ್ನು ಸಂಕೋಚದಿಂದಲೇ ನಿವೇದಿಸುತ್ತೇನೆ. ಅನೇಕ ವರ್ಷಗಳ ಹಿಂದೆ ನಾನು ಪೂಜಾ ಸಮಿತಿಯೊಂದರ ಖಜಾಂಚಿಯಾಗಿದ್ದೆ. ದಶಲಕ್ಷಣ ಪರ್ವದಲ್ಲಿ ಬಸದಿಯ ಮೇಲೆ ಎರಡು ಹಾರ್ನ್ ಸ್ಪೀಕರುಗಳನ್ನು ಕಟ್ಟಿಸಿ ಬೆಳಗಿನ ಜಾವದಿಂದಲೇ ಸ್ತುತಿಗೀತೆಗಳನ್ನು ಹಾಕಿಸಿದೆವು. ಮೂರನೆಯ ದಿನ ಪಕ್ಕದ ಬೀದಿಯ ಗೃಹಸ್ಥರೊಬ್ಬರು ಬಂದು, “ಸ್ವಾಮಿ, ಇರುವೆಯನ್ನೂ ನೋಯಿಸಬಾರದೆಂಬ ಧರ್ಮ ನಿಮ್ಮದು. ನಮ್ಮ ಮನೆಯಲ್ಲಿ ಬಾಣಂತಿ ಇದ್ದಾಳೆ, ಕೂಸು ಎರಡು ದಿನದಿಂದ ಕಣ್ಣು ಮುಚ್ಚಿಲ್ಲ” ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಅಂದೇ ಸ್ಪೀಕರುಗಳನ್ನು ಇಳಿಸಿದೆವು. ಉತ್ತಮ ಕ್ಷಮೆಯಿಂದ ಆರಂಭವಾಗುವ ಪರ್ವದಲ್ಲಿ ನಾವು ನೆರೆಯವರಲ್ಲಿ ಕ್ಷಮೆ ಕೇಳಬೇಕಾಯಿತು.

ಮುಂದೆ ಕಾನೂನೂ ಇದನ್ನೇ ಹೇಳಿತು. 2000ದ ಧ್ವನಿಮಾಲಿನ್ಯ ನಿಯಮಗಳಂತೆ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಅದನ್ನು ಬಳಸುವಂತಿಲ್ಲ. ವಸತಿ ಪ್ರದೇಶದಲ್ಲಿ ಶಬ್ದದ ಮಿತಿಯು ಹಗಲು 55, ರಾತ್ರಿ 45 ಡೆಸಿಬಲ್. ಇನ್ನೊಬ್ಬರ ನೆಮ್ಮದಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ವಿಧಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷ ಅಭಿಪ್ರಾಯಪಟ್ಟಿತು. ಅಹಿಂಸಾಣುವ್ರತಿಗೆ ಈ ಮಾತನ್ನು ನ್ಯಾಯಾಲಯವು ಹೇಳಬೇಕಾಗಿರಲಿಲ್ಲ.

ನಾಲ್ಕು ದರ್ಶನಗಳು

ಗೊಮ್ಮಟೇಶ್ವರನ ಸಹಸ್ರಮಾನದ ಮಹಾಮಸ್ತಕಾಭಿಷೇಕವು 1981ರ ಫೆಬ್ರವರಿಯಲ್ಲಿ ನಡೆಯಿತು. ನಾನು ಆಗ ಬಿ.ಕಾಂ. ವಿದ್ಯಾರ್ಥಿ. ಪ್ರಧಾನಿ ಇಂದಿರಾ ಗಾಂಧಿಯವರು ಹೆಲಿಕಾಪ್ಟರಿನಿಂದ ಪುಷ್ಪವೃಷ್ಟಿ ಮಾಡಿದ ಉತ್ಸವವದು. ಬೆಂಗಳೂರು ದೂರದರ್ಶನ ಕೇಂದ್ರವು ಆರಂಭವಾದದ್ದು ಅದೇ ವರ್ಷದ ನವೆಂಬರ್ 1ರಂದು. ಆದುದರಿಂದ ಹೋಗಿ ನೋಡಿದವನೇ ಭಾಗ್ಯವಂತ. ಮಂಡಿನೋವಿನ ಅಜ್ಜಿಯು ಊರಿನಲ್ಲೇ ಉಳಿದಿದ್ದರು. ನಾನು ಮರಳಿ ಬಂದು ಹಾಲು, ಅರಿಸಿನ, ಚಂದನದ ಧಾರೆಗಳು ಸ್ವಾಮಿಯ ಭುಜಗಳಿಂದ ಇಳಿದ ಬಗೆಯನ್ನು ಎರಡು ರಾತ್ರಿ ವರ್ಣಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

1993ರ ಉತ್ಸವದ ದೃಶ್ಯಗಳನ್ನು ಮನೆಮಂದಿಯೆಲ್ಲ ಟಿ.ವಿ. ವಾರ್ತೆಗಳಲ್ಲಿ ಕಂಡೆವು. 2006ರಲ್ಲಿ ಕಾಲು ಸೋತಿದ್ದ ತಾಯಿಯು ಟಿ.ವಿ.ಯ ಮುಂದೆ ಮಡಿಯುಟ್ಟು ಕುಳಿತು ಅಭಿಷೇಕ ನೋಡಿದರು. 2018ರ ಫೆಬ್ರವರಿ 17ರಿಂದ ನಡೆದ ಅಭಿಷೇಕವು ಅಂಗೈಯ ಮೊಬೈಲಿನಲ್ಲೇ ಬಂದಿತು. ಅಜ್ಜಿಗೆ ಮೊಮ್ಮಗನ ಮಾತಿನಲ್ಲಿ ದೊರೆತದ್ದು ತಾಯಿಗೆ ಕಣ್ಣಾರೆ ದೊರೆಯಿತು.

2020ರ ಮಾರ್ಚಿನಲ್ಲಿ ಕೊರೋನಾ ನಿರ್ಬಂಧಗಳಿಂದ ಬಸದಿಗಳು ಮುಚ್ಚಿದವು. ಏಪ್ರಿಲ್ 6ರ ಮಹಾವೀರ ಜಯಂತಿಯು ಮನೆಗಳಲ್ಲೇ ನಡೆಯಿತು. ಆಗಸ್ಟಿನಲ್ಲಿ ಮುಂಬಯಿಯ ಮೂರು ಜೈನ ಮಂದಿರಗಳನ್ನು ಪರ್ಯೂಷಣಕ್ಕಾಗಿ ಎರಡು ದಿನ ತೆರೆಯಲು ಸರ್ವೋಚ್ಚ ನ್ಯಾಯಾಲಯವು ಅನುಮತಿಸಿದಾಗಲೂ, ಒಮ್ಮೆಗೆ ಐವರು, ದಿನಕ್ಕೆ 250 ಜನ ಎಂಬ ಮಿತಿಯಿತ್ತು. ಆ ದಿನಗಳಲ್ಲಿ ಪುರೋಹಿತರೊಬ್ಬರೇ ಒಳಗೆ ಅಭಿಷೇಕ ಮಾಡಿದುದನ್ನು ಮೊಬೈಲಿನಲ್ಲಿ ತಾಯಿಗೆ ತೋರಿಸಿದೆ. ಅವರು ಶಾಂತಿಧಾರೆ ಮುಗಿಯುವವರೆಗೂ ಕೈಮುಗಿದುಕೊಂಡಿದ್ದರು. ಅನಂತರ ಬಲಗೈಯನ್ನು ಚಾಚಿ, “ಗಂಧೋದಕ ಎಲ್ಲಪ್ಪಾ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನವನ್ನು ಬರೆಯಲು ಆ ಚಾಚಿದ ಕೈಯೇ ಕಾರಣ.

ನಡೆಸುವವರ ಕರ್ತವ್ಯ

ನೇರಪ್ರಸಾರವನ್ನು ಮಾಡುವುದಾದರೆ ಯತ್ನಾಚಾರದಿಂದ ಮಾಡಬೇಕು. ಅನುಭವದಿಂದ ಕಂಡ ಕೆಲವು ಅಂಶಗಳನ್ನು ಟ್ರಸ್ಟುಗಳ ಅವಗಾಹನೆಗೆ ತರುತ್ತೇನೆ.

ಮೊದಲನೆಯದು ಬೆಳಕು. ಚಿತ್ರ ಚೆನ್ನಾಗಿ ಬರಲೆಂದು ರಾತ್ರಿ ಪ್ರಖರ ದೀಪಗಳನ್ನು ಹಾಕಿದರೆ ಹುಳುಗಳು ಬಂದು ಸುಟ್ಟು ಸಾಯುತ್ತವೆ. ಸೂರ್ಯಾಸ್ತದ ಮೊದಲೇ ಊಟ ಮುಗಿಸುವ ನಾವು ಬಿಂಬದ ಮುಂದೆ ಈ ಹಿಂಸೆಯನ್ನು ಮಾಡಲಾಗದು. ಹಗಲಿನ ಅಭಿಷೇಕವನ್ನು ಹಗಲಿನ ಬೆಳಕಿನಲ್ಲೇ ತೋರಿಸಿದರೆ ಸಾಕು.

ಎರಡನೆಯದು ಧ್ವನಿ. ಕಲ್ಲಿನ ನವರಂಗದಲ್ಲಿ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಮರಳುವುದರಿಂದ ದೂರವಿಟ್ಟ ಮೊಬೈಲಿಗೆ ಮಂತ್ರವು ಗೊಂದಲವಾಗಿ ಕೇಳುತ್ತದೆ. ಪಾಠ ಹೇಳುವವರ ಬಾಯಿಗೆ ಗೇಣು ದೂರದಲ್ಲಿ ಮೈಕನ್ನಿಟ್ಟು, ಮಿಕ್ಸರಿನಿಂದ ನೇರವಾಗಿ ಮೊಬೈಲಿಗೆ ತಂತಿ ಕೊಟ್ಟರೆ ಸ್ಪಷ್ಟವಾಗುವುದು. ಒಳಗಿನ ಭಕ್ತರಿಗೂ ಒಂದು ದೊಡ್ಡ ಹಾರ್ನಿಗಿಂತ ಮೆಲುದನಿಯ ಎರಡು ಮೂರು ಚಿಕ್ಕ ಸ್ಪೀಕರುಗಳು ಹಿತ.

ಮೂರನೆಯದು ಪೂರ್ವಸಿದ್ಧತೆ. ಯೂಟ್ಯೂಬಿನಲ್ಲಿ ಮೊಬೈಲಿನಿಂದ ನೇರಪ್ರಸಾರ ಮಾಡಲು ವಾಹಿನಿಗೆ ಕನಿಷ್ಠ 50 ಚಂದಾದಾರರಿರಬೇಕು. ಮೊದಲ ಬಾರಿಗೆ ಸೌಲಭ್ಯ ದೊರೆಯಲು 24 ಗಂಟೆ ಹಿಡಿಯಬಹುದು. ಸಾಧಾರಣ ಸ್ಪಷ್ಟತೆಯ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 4 ಮೆಗಾಬಿಟ್ ಕಳುಹಿಸುವ ವೇಗ ಬೇಕು. ಕ್ಯಾಸೆಟ್ಟು ಕಂಪನಿಗಳ ಸ್ತುತಿಗೀತೆಗಳನ್ನು ಹಿನ್ನೆಲೆಯಲ್ಲಿ ಹಾಕಿದರೆ ಹಕ್ಕುಸ್ವಾಮ್ಯದ ಕಾರಣದಿಂದ ಪ್ರಸಾರವೇ ನಿಲ್ಲಬಹುದು. ಅಚೌರ್ಯವ್ರತದ ದೃಷ್ಟಿಯಿಂದಲೂ ನಮ್ಮ ಶ್ರಾವಿಕೆಯರೇ ಹಾಡುವುದು ಉತ್ತಮ.

ನಾಲ್ಕನೆಯದು ಲೆಕ್ಕ. ದೇವದ್ರವ್ಯವನ್ನು ಯಂತ್ರಗಳಿಗೆ ಖರ್ಚು ಮಾಡುವುದಕ್ಕಿಂತ ಅದಕ್ಕೆಂದೇ ದಾನ ಪಡೆದು ಬೇರೆ ಖಾತೆಯಲ್ಲಿ ಬರೆಯಬೇಕು. ಪುಕ್ಕಟೆಯಾಗಿ ಕಾಣುವ ವಾಹಿನಿಗೂ ಬೆಲೆಯಿದೆ: ನಮ್ಮ ಪೂಜೆಯ ಮೊದಲು ಯಾವ ಜಾಹೀರಾತು ಬರುವುದೆಂಬುದು ಪೂರ್ಣವಾಗಿ ನಮ್ಮ ಕೈಯಲ್ಲಿಲ್ಲ.

ಕ್ಯಾಮರಾ ನಿಲ್ಲಬೇಕಾದ ಸ್ಥಳ

ಎಲ್ಲವನ್ನೂ ತೋರಿಸಬಹುದೆಂದ ಮಾತ್ರಕ್ಕೆ ಎಲ್ಲವನ್ನೂ ತೋರಿಸಬೇಕೆಂದಿಲ್ಲ. ರಾಜಸ್ಥಾನ ಉಚ್ಚ ನ್ಯಾಯಾಲಯವು 2015ರ ಆಗಸ್ಟ್ 10ರಂದು ಸಲ್ಲೇಖನವನ್ನು ಅಪರಾಧವೆಂದಿತು; ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು. ಅಂದು ನಾವು ದೇಶಾದ್ಯಂತ ಮೌನ ಮೆರವಣಿಗೆ ನಡೆಸಿ, ಅದು ಅಂತರಂಗದ ಸಾಧನೆಯೆಂದು ಸಾರಿದೆವು. ಅಂತರಂಗದ ಸಾಧನೆಯನ್ನು ಮೊಬೈಲಿನಲ್ಲಿ ಪ್ರದರ್ಶಿಸಿ ನೋಡಿದವರ ಸಂಖ್ಯೆಯನ್ನು ಎಣಿಸಿದರೆ ನಮ್ಮ ಮಾತಿಗೆ ನಾವೇ ವಿರುದ್ಧ ನಡೆದಂತಾಗುವುದು. ಶ್ರವಣಬೆಳಗೊಳದ ನಿಷಿಧಿ ಶಾಸನಗಳನ್ನು ನೋಡಿರಿ. ಅವು ಸಾಧಕರ ಹೆಸರನ್ನೂ ವ್ರತವನ್ನೂ ದಾಖಲಿಸುತ್ತವೆ. ಕೃಶವಾದ ದೇಹವನ್ನು ಪ್ರದರ್ಶನಕ್ಕಿಡುವುದಿಲ್ಲ. ಮುನಿಗಳ ಆಹಾರಚರ್ಯೆಗೂ ಇದೇ ವಿವೇಕ ಸಲ್ಲುತ್ತದೆ. ಕ್ಷಪಕನ ಕೋಣೆಯ ಹೊಸ್ತಿಲಿನಲ್ಲಿ ಕ್ಯಾಮರಾ ನಿಲ್ಲಬೇಕು.

ಕೊನೆಯದಾಗಿ, ನೇರಪ್ರಸಾರವು ಬರಲಾರದವರಿಗೆ ಊರುಗೋಲಾಗಬೇಕೇ ಹೊರತು ಬರಬಲ್ಲವರಿಗೆ ಹಾಸಿಗೆಯಾಗಬಾರದು. ನಮ್ಮ ನಾಲ್ಕು ತಾಲ್ಲೂಕುಗಳಂತಹ ಕಡೆ ಬೆಳಗಿನ ಅಭಿಷೇಕಕ್ಕೆ ನಾಲ್ಕು ಜನ ಸೇರುವುದೇ ಕಷ್ಟ. ಆ ನಾಲ್ವರೂ ಮನೆಯಲ್ಲಿ ಮೊಬೈಲು ನೋಡುತ್ತ ಕುಳಿತರೆ, ಕೆಲವೇ ವರ್ಷಗಳಲ್ಲಿ ಕ್ಯಾಮರಾದ ಮುಂದೆ ದೀಪ ಹಚ್ಚುವವರೂ ಇರುವುದಿಲ್ಲ.

ಆದುದರಿಂದ ಟ್ರಸ್ಟುಗಳಲ್ಲಿ ನನ್ನ ನಮ್ರ ವಿನಂತಿ ಇಷ್ಟೆ. ನೇರಪ್ರಸಾರವನ್ನು ಯಾರು ಯಾರು ಮನೆಯಲ್ಲಿ ಮಲಗಿದಲ್ಲಿಂದ ನೋಡುತ್ತಾರೆಂಬ ಪಟ್ಟಿಯನ್ನು ಮಾಡಿಕೊಳ್ಳಿರಿ. ಪ್ರಸಾರ ಮುಗಿದ ಮೇಲೆ, ಕ್ಯಾಮರಾ ಹಿಡಿದ ಯುವಕನ ಕೈಗೇ ಗಂಧೋದಕದ ಚಿಕ್ಕ ಬಟ್ಟಲನ್ನು ಕೊಟ್ಟು ಆ ಮನೆಗಳಿಗೆ ಕಳುಹಿಸಿರಿ. ನಿರ್ಬಂಧಗಳು ಸಡಿಲವಾದ ಮೇಲೆ ಒಂದು ಬೆಳಿಗ್ಗೆ ನಾನೂ ಹಾಗೆ ಒಯ್ದೆ. ತಾಯಿ ಅದನ್ನು ನೆತ್ತಿಗೂ ಕಣ್ಣಿಗೂ ಹಚ್ಚಿಕೊಂಡು, “ಈಗ ಪೂಜೆ ಆಯಿತು” ಎಂದರು.