ಕಟ್ಟೆಮನೆಯಿಂದ ಕಟಕಟೆಗೆ

ತುಮಕೂರು ಜಿಲ್ಲೆಯ ಪಶ್ಚಿಮದಲ್ಲಿ ಒಂದಕ್ಕೊಂದು ತಾಗಿಕೊಂಡಿರುವ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ, ಹೆಸರುಳ್ಳ ಗಂಡಸೊಬ್ಬನ ಮೇಲೆ ಹೆಣ್ಣೊಬ್ಬಳು ದೂರು ಹೇಳಿದಾಗ, ನಡೆದದ್ದು ಏನೆಂಬ ಪ್ರಶ್ನೆಗಿಂತ ಮೊದಲು ಆ ದೂರನ್ನು ಯಾರ ಜಗಲಿಯಲ್ಲಿ ಕೇಳಬೇಕೆಂಬ ಪ್ರಶ್ನೆ ಏಳುತ್ತಿತ್ತು. ಕುಲದ ಯಜಮಾನ, ಮಠದ ಗುರು, ದೇವರ ಸನ್ನಿಧಿ, ಸರ್ಕಾರದ ಕಚೇರಿ, ನಾಟಕ ಕಂಪನಿಯ ಮಾಲೀಕ, ಸಿನಿಮಾದವರ ಮಂಡಳಿ ಹೀಗೆ ಕೇಳುವ ಜಾಗ ಬದಲಾಗುತ್ತ ಬಂದಿದೆ. 2018ರಿಂದೀಚೆಗೆ ಕರ್ನಾಟಕದಲ್ಲಿ ನಟರ, ಮಠಾಧೀಶರ, ರಾಜಕಾರಣಿಗಳ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪಗಳ ಸುತ್ತ ನಡೆದ ಬಹಿರಂಗ ವಾದವಿವಾದ ಹೊಸ ಕಾಲದ್ದೆಂದು ತೋರುತ್ತದೆಯಾದರೂ, ಅದರೊಳಗೆ ಹರಿಯುತ್ತಿರುವುದು ಈ ಜಗಲಿಯ ಜಗಳವೇ.

ಈ ಸೀಮೆಯ ಕುಂಚಿಟಿಗರು, ಕಾಡುಗೊಲ್ಲರು ಮೊದಲಾದ ಸಮುದಾಯಗಳಲ್ಲಿ ಹಲವು ಹಳ್ಳಿಗಳ ಕುಲದವರು ಸೇರಿ ಒಂದು ನ್ಯಾಯಸ್ಥಾನಕ್ಕೆ ಒಳಪಡುತ್ತಿದ್ದರು. ಅದಕ್ಕೆ ಕಟ್ಟೆಮನೆ ಎಂದು ಹೆಸರು. ಅಲ್ಲಿ ವಂಶಪಾರಂಪರ್ಯವಾಗಿ ಬಂದ ಯಜಮಾನನು ಹಿರಿಯರೊಡನೆ ಕೂತು ದೂರು ಕೇಳುತ್ತಿದ್ದನು. ತಪ್ಪು ಸಾಬೀತಾದರೆ ತಪ್ಪುಗಾಣಿಕೆ, ಎಂದರೆ ಕುಲಕ್ಕೆ ಸಲ್ಲುವ ದಂಡ. ದಂಡಕ್ಕೆ ಬಗ್ಗದಿದ್ದರೆ ಬಹಿಷ್ಕಾರ, ಎಂದರೆ ಬೆಂಕಿ, ನೀರು, ಹೆಣ್ಣು ಗಂಡು ಕೊಟ್ಟು ತರುವ ಸಂಬಂಧ ಯಾವುದೂ ಇಲ್ಲದಂತೆ ಮನೆಯನ್ನು ಕುಲದಿಂದ ಹೊರಗಿಡುವುದು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತುತ್ತ ಚಿಕ್ಕನಾಯಕನಹಳ್ಳಿಯ ತೋಟಗಳನ್ನೂ ಸಂತೆಯನ್ನೂ ಕಂಡು ವಿವರವಾಗಿ ಬರೆದಿಟ್ಟ ಫ್ರಾನ್ಸಿಸ್ ಬುಕನನ್, ಇಂಥ ಕುಲಪ್ರಮುಖರ ಅಧಿಕಾರವನ್ನು ಜಾತಿಜಾತಿಗೂ ವಿಚಾರಿಸಿ ದಾಖಲಿಸಿದ್ದಾನೆ. ಈ ವ್ಯವಸ್ಥೆಯಲ್ಲಿ ಹೆಣ್ಣಿನ ದೂರು ಅವಳದಾಗಿ ಉಳಿಯುತ್ತಿರಲಿಲ್ಲವೆಂಬುದನ್ನು ಗಮನಿಸಬೇಕು. ಕೆಟ್ಟದ್ದು ಕುಲದ ಹೆಸರು, ತುಂಬಿಕೊಡಬೇಕಾದದ್ದೂ ಅದನ್ನೇ. ದಂಡದ ಹಣ ಸೇರುತ್ತಿದ್ದುದು ಕಟ್ಟೆಗೆ, ದೇವರಿಗೆ, ಇಲ್ಲವೆ ಊಟಕ್ಕೆ. ದೂರು ಹೊತ್ತವನು ಯಜಮಾನನ ಮನೆಯವನೇ ಆಗಿದ್ದರೆ ಕೇಳುವವನೂ ಕೇಳಿಸಿಕೊಳ್ಳುವವನೂ ಒಂದೇ ಪಡಸಾಲೆಯಲ್ಲಿ ಕೂತಿರಬೇಕಾಗುತ್ತಿತ್ತು.

ಸಾಕ್ಷಿ ಸಿಗದ ಕಡೆ ಆಣೆ ಬರುತ್ತಿತ್ತು. ಕುಲದೇವರ ಮುಂದೆ ದೀಪವಾರಿಸಿ, ಇಲ್ಲವೆ ಕರ್ಪೂರ ಮುಟ್ಟಿ ಪ್ರಮಾಣ ಮಾಡಿದವನನ್ನು ಊರು ಮತ್ತೆ ಪ್ರಶ್ನಿಸುತ್ತಿರಲಿಲ್ಲ. ತಿಪಟೂರಿನ ಬಳಿಯ ದಸರೀಘಟ್ಟದಲ್ಲಿ ಚೌಡೇಶ್ವರಿಯ ಉತ್ಸವಮೂರ್ತಿಯನ್ನು ಇಬ್ಬರು ಹಿಡಿದಾಗ ಅದು ಮಣೆಯ ಮೇಲೆ ಕನ್ನಡ ಅಕ್ಷರಗಳಲ್ಲಿ ಉತ್ತರ ಬರೆಯುತ್ತದೆಂಬ ನಂಬಿಕೆ ಇಂದಿಗೂ ಜೀವಂತವಾಗಿದ್ದು, ಕಳವು, ಪಾಲು, ಮದುವೆಗಳ ಬಗೆಗೆ ಕೇಳಲು ಜನ ದೂರದೂರದಿಂದ ಬರುತ್ತಾರೆ. ದೇವರ ಮೇಲೆ ಭಾರ ಹಾಕುವ ಈ ಪದ್ಧತಿಯನ್ನು ಹಳ್ಳಿಗರ ಮೌಢ್ಯವೆಂದು ತಳ್ಳಿಹಾಕುವುದು ಸುಲಭವಾದರೂ, 2011ರಲ್ಲಿ ರಾಜ್ಯದ ಮುಖ್ಯಮಂತ್ರಿಯೇ ತಮ್ಮ ಎದುರಾಳಿಯನ್ನು ಧರ್ಮಸ್ಥಳದ ಮಂಜುನಾಥನ ಮುಂದೆ ಆಣೆಗೆ ಕರೆದದ್ದನ್ನು ನೆನೆದರೆ, ವಿಧಾನಸೌಧದಲ್ಲೂ ಕಟ್ಟೆಮನೆಯ ಒಂದು ಕೋಣೆ ಉಳಿದುಕೊಂಡಿದೆಯೆಂದು ಹೇಳಬೇಕಾಗುತ್ತದೆ. ಆಣೆಯ ನ್ಯಾಯದಲ್ಲಿ ಹೆಣ್ಣಿಗಿದ್ದ ತೊಡಕು ಬೇರೆಯದು. ಗಂಡಸು ಒಮ್ಮೆ ಪ್ರಮಾಣ ಮಾಡಿ ಮನೆಗೆ ಹೋದರೆ ಮುಗಿಯಿತು; ದೂರು ಹೇಳಿದವಳು ಮಾತ್ರ ಊರ ಮುಂದೆ ಒಮ್ಮೆ ಬಾಯಿಬಿಟ್ಟ ಮೇಲೆ, ಗೆದ್ದರೂ ಸೋತರೂ, ಆ ಮಾತನ್ನು ಹೊತ್ತುಕೊಂಡೇ ಬದುಕಬೇಕಾಗಿತ್ತು.

ಸರ್ಕಾರ ಇದರೊಳಗೆ ಕೈಹಾಕಿದ್ದು ಮೊದಲು ಆದಾಯದ ಆಸೆಯಿಂದ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ವಹಿಸಿಕೊಂಡಾಗ ಜಾರಿಯಲ್ಲಿದ್ದ ಚಿಲ್ಲರೆ ತೆರಿಗೆಗಳಲ್ಲಿ ಮದುವೆಯ ಮೇಲೆ, ಮಗು ಹುಟ್ಟಿದ್ದರ ಮೇಲೆ, ಅದಕ್ಕೆ ಹೆಸರಿಟ್ಟದ್ದರ ಮೇಲೆ ಮಾತ್ರವಲ್ಲದೆ ಹಾದರದ ಮೇಲೂ ಒಂದು ತೆರಿಗೆಯಿತ್ತು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಇಂಥ 769 ಬಾಬುಗಳನ್ನು ರದ್ದುಪಡಿಸಿದರು. ಹಾದರಕ್ಕೆ ತೆರಿಗೆ ಹೋದದ್ದೇನೋ ಸರಿ. ಆದರೆ 1860ರಲ್ಲಿ ರೂಪುಗೊಂಡ ಭಾರತೀಯ ದಂಡ ಸಂಹಿತೆಯ 497ನೆಯ ಕಲಮು ಅದೇ ವಿಷಯವನ್ನು ಗಂಡನ ಹಕ್ಕಿನ ಭಾಷೆಯಲ್ಲಿ ಮತ್ತೆ ಒಳಗೆ ತಂದಿತು. ಬೇರೊಬ್ಬನ ಹೆಂಡತಿಯೊಡನೆ ಗಂಡನ ಒಪ್ಪಿಗೆಯಿಲ್ಲದೆ ಕೂಡಿದವನು ಅಪರಾಧಿ ಎಂದ ಆ ಕಲಮಿನಲ್ಲಿ ಹೆಂಡತಿಯ ಒಪ್ಪಿಗೆಗೆ ಬೆಲೆಯಿರಲಿಲ್ಲ. ಸುಪ್ರೀಂ ಕೋರ್ಟ್ ಇದನ್ನು ಹೊಡೆದುಹಾಕಿದ್ದು 2018ರ ಸೆಪ್ಟೆಂಬರ್ 27ರಂದು, ಕನ್ನಡ ಚಿತ್ರರಂಗದಲ್ಲಿ ಮೀ ಟೂ ಬಿರುಗಾಳಿ ಏಳುವುದಕ್ಕೆ ಒಂದು ತಿಂಗಳೂ ಇಲ್ಲದಿರುವಾಗ.

ಕಾನೂನು ಬಂದರೂ ತೆಂಗಿನ ಸೀಮೆಯ ಹೆಣ್ಣು ಕೋರ್ಟಿನ ಮೆಟ್ಟಿಲು ಹತ್ತುವುದು ಅಪರೂಪವಾಗಿಯೇ ಉಳಿದದ್ದಕ್ಕೆ ಇಲ್ಲಿನ ಬೇಸಾಯದ ಸ್ವರೂಪವೂ ಒಂದು ಕಾರಣ. ತಿಪಟೂರಿನ ಹೆಸರು ನಿಂತಿರುವುದು ಉಂಡೆ ಕೊಬ್ಬರಿಯ ಮೇಲೆ. ಬಲಿತ ಕಾಯಿಯನ್ನು ಸಿಪ್ಪೆಸಮೇತ ಮನೆಯ ಅಟ್ಟಕ್ಕೇರಿಸಿ, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಡುವವರೆಗೆ, ಹೆಚ್ಚುಕಡಿಮೆ ವರ್ಷದಷ್ಟು ಕಾಲ, ಅಲ್ಲಿಯೇ ಬಿಡುತ್ತಾರೆ. ಆಮೇಲೆ ಸುಲಿದು, ಒಡೆದು, ತಿಪಟೂರಿನ ಮಾರುಕಟ್ಟೆಗೆ ಸಾಗಿಸುತ್ತಾರೆ. ಹಣ ಕೈಗೆ ಬರುವುದು ನಿಧಾನವಾದ್ದರಿಂದ ಅಟ್ಟ ತುಂಬಿದವನ ಮನೆಯಲ್ಲಿ ಸಾಲವೂ ಕೂಲಿಯೂ ಸಿಗುತ್ತದೆ, ಅಟ್ಟವಿಲ್ಲದವರು ಅವನ ತೋಟದಂಚಿನಲ್ಲೇ ಬದುಕಬೇಕಾಗುತ್ತದೆ. ಕೊಬ್ಬರಿ ಹೆರೆಯುವ, ವಿಂಗಡಿಸುವ, ನಾರು ಬಿಡಿಸುವ, ಮನೆಗೆಲಸದ ಹೆಂಗಸರ ದಿನದ ದುಡಿಮೆ ನಡೆಯುವುದು ಇಂಥವನ ಅಂಗಳದಲ್ಲಿ. ಅಂಗಳದ ಒಡೆಯನ ವಿರುದ್ಧ ಠಾಣೆಗೆ ಹೋಗುವುದೆಂದರೆ ಕೂಲಿ, ಸಾಲ, ನೀರಿನ ದಾರಿ ಮೂರನ್ನೂ ಒಟ್ಟಿಗೆ ಕಳೆದುಕೊಳ್ಳಲು ಸಿದ್ಧವಾಗುವುದು. ಆದ್ದರಿಂದಲೇ ‘ರಾಜಿ’ ಎಂಬ ಮಾತು ಈ ಸೀಮೆಯಲ್ಲಿ ನ್ಯಾಯಕ್ಕೆ ಬಹುತೇಕ ಪರ್ಯಾಯಪದವಾಗಿ ಬೆಳೆಯಿತು. ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಕಡೆಯ ಹೆಂಗಸರೂ ದೂರು ಕೊಡಬಹುದಾದ ಸ್ಥಳೀಯ ಸಮಿತಿ ಪ್ರತಿ ಜಿಲ್ಲೆಯಲ್ಲೂ ಇರಬೇಕೆಂದು ಕೆಲಸದ ಸ್ಥಳದಲ್ಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಹೇಳುತ್ತದೆ. ನಾರಿನ ರಾಶಿಯ ಮುಂದೆ ಕೂತವಳಿಗೆ ತುಮಕೂರಿನ ಜಿಲ್ಲಾ ಕಚೇರಿ ಕಟ್ಟೆಮನೆಗಿಂತ ಎಷ್ಟು ದೂರವೆಂಬುದನ್ನು ಅದು ಅಳೆಯುವುದಿಲ್ಲ.

ರಾಜಿಯ ಈ ಪದ್ಧತಿ ಹಳ್ಳಿಯಿಂದ ಬೆಂಗಳೂರಿನ ಸಿನಿಮಾ ಲೋಕಕ್ಕೆ ಹೋದ ದಾರಿಯಲ್ಲಿ ನಾಟಕ ಕಂಪನಿ ಸಿಗುತ್ತದೆ. 1884ರಲ್ಲಿ ನೆರೆಯ ಗುಬ್ಬಿಯಲ್ಲಿ ಹುಟ್ಟಿದ ಕಂಪನಿಯು ವೀರಣ್ಣನವರ ಕಾಲದಲ್ಲಿ ನಾಡಿನ ಹೆಸರಾಂತ ಸಂಸ್ಥೆಯಾಗಿ, ಗಂಡಸರೇ ಹೆಣ್ಣು ವೇಷ ಕಟ್ಟುತ್ತಿದ್ದ ರಂಗದ ಮೇಲೆ ಬಿ. ಜಯಮ್ಮನವರಂಥ ನಟಿಯರನ್ನು ನಿಲ್ಲಿಸಿತು. ತಿಪಟೂರಿನಲ್ಲಿ ಹುಟ್ಟಿದ ನರಸಿಂಹರಾಜು ಎಳವೆಯಲ್ಲೇ ಬಣ್ಣ ಹಚ್ಚಿ ಬೆಳೆದದ್ದು ಇಂಥ ಕಂಪನಿಗಳ ಜಗತ್ತಿನಲ್ಲಿ. ಊರೂರು ಅಲೆಯುವ ಕಂಪನಿ ಒಂದು ಕೂಡುಕುಟುಂಬದಂತಿತ್ತು, ಮಾಲೀಕನೇ ಯಜಮಾನ. ಜಗಳ, ಮುನಿಸು, ದೂರು ಎಲ್ಲ ಅವನ ಬಿಡಾರದಲ್ಲೇ ಬಗೆಹರಿಯಬೇಕು, ಹೊರಗೆ ಹೋದರೆ ಟಿಕೆಟ್ಟಿಗೆ ಪೆಟ್ಟು. ಕನ್ನಡ ಚಿತ್ರರಂಗದ ಮೊದಲ ತಲೆಮಾರು ಈ ಬಿಡಾರಗಳಿಂದ ಬಂದಾಗ ಈ ನಡವಳಿಕೆಯೂ ಜೊತೆಗೆ ಬಂತು, ಅಭಿಮಾನಿಗಳು ನಟನನ್ನು ‘ಯಜಮಾನ’ ಎಂದು ಕರೆಯುವ ಸಲುಗೆಯೂ ಬಂತು.

2011ರ ಸೆಪ್ಟೆಂಬರಿನಲ್ಲಿ ಹಳೆಯ ಬಹಿಷ್ಕಾರ ಹೆಸರು ಬದಲಿಸದೆಯೇ ಕಾಣಿಸಿಕೊಂಡಿತು. ಪತ್ನಿಯ ಮೇಲೆ ಹಲ್ಲೆ ನಡೆಸಿದ ದೂರಿನ ಮೇಲೆ ನಟ ದರ್ಶನ್ ಬಂಧನಕ್ಕೊಳಗಾದಾಗ, ನಿರ್ಮಾಪಕರ ಸಂಘವು ಆ ಸಂಸಾರದ ಒಡಕಿಗೆ ಕಾರಣಳೆಂದು ಬೊಟ್ಟುಮಾಡಿ, ಆ ಮಾತನ್ನು ಅಲ್ಲಗಳೆದಿದ್ದ ನಟಿ ನಿಖಿತಾ ಅವರನ್ನು 3 ವರ್ಷ ಕನ್ನಡ ಚಿತ್ರಗಳಿಂದ ನಿಷೇಧಿಸಿತು. ದೂರು ಇದ್ದದ್ದು ಒಬ್ಬ ಗಂಡಸಿನ ಮೇಲೆ, ಕುಲದ ಹೊರಗೆ ಹೋದದ್ದು ಮೂರನೆಯ ಒಬ್ಬ ಹೆಣ್ಣು. ನಾಡಿನಾದ್ಯಂತ ಟೀಕೆ ಎದ್ದ ಮೇಲೆ ನಿಷೇಧವನ್ನು ಹಿಂದೆಗೆದುಕೊಳ್ಳಲಾಯಿತು. ಇಷ್ಟು ಸ್ಪಷ್ಟವಾಗಿ ತನ್ನನ್ನು ತಾನೇ ಬಯಲುಮಾಡಿಕೊಂಡ ತೀರ್ಪು ಕಟ್ಟೆಮನೆಯ ಚರಿತ್ರೆಯಲ್ಲೂ ಹೆಚ್ಚು ಸಿಗಲಾರದು.

2018ರ ಅಕ್ಟೋಬರಿನ ಪ್ರಕರಣ ಇದಕ್ಕಿಂತ ಜಟಿಲವಾದದ್ದು. ನಟಿ ಶ್ರುತಿ ಹರಿಹರನ್ ಅವರು ‘ವಿಸ್ಮಯ’ ಚಿತ್ರದ ತಾಲೀಮಿನ ವೇಳೆ ನಟ ಅರ್ಜುನ್ ಸರ್ಜಾ ಅನುಚಿತವಾಗಿ ನಡೆದುಕೊಂಡರೆಂದು ಬಹಿರಂಗವಾಗಿ ಬರೆದರು. ಅರ್ಜುನ್ ಅದನ್ನು ಸಂಪೂರ್ಣವಾಗಿ ನಿರಾಕರಿಸಿದರು. ತುಮಕೂರು ಜಿಲ್ಲೆಯದೇ ಆದ ಮಧುಗಿರಿ ಮೂಲದ, ಶಕ್ತಿಪ್ರಸಾದ್ ಅವರ ಕಾಲದಿಂದ ಚಿತ್ರರಂಗದಲ್ಲಿರುವ ಕುಟುಂಬ ಅವರದು. ಚಲನಚಿತ್ರ ವಾಣಿಜ್ಯ ಮಂಡಳಿ ಇಬ್ಬರನ್ನೂ ಕರೆಸಿ ಹಿರಿಯ ನಟ ಅಂಬರೀಶ್ ಅವರ ಸಮ್ಮುಖದಲ್ಲಿ ಮಾತುಕತೆ ನಡೆಸಿತು. ಹಿರಿಯರು ನಡುವೆ, ಎರಡು ಕಡೆಯವರು ಎದುರುಬದುರು, ಬಾಗಿಲ ಹೊರಗೆ ಕ್ಯಾಮೆರಾ ಹಿಡಿದ ಊರು: ಕೂತ ಕ್ರಮವನ್ನು ನೋಡಿದರೆ ಅದು ಪಂಚಾಯಿತಿಯೇ. ವ್ಯತ್ಯಾಸವಿದ್ದದ್ದು ಮುಕ್ತಾಯದಲ್ಲಿ, ರಾಜಿಯಾಗದೆ ಸಭೆ ಮುರಿಯಿತು, ಒಂದು ಕಡೆಯಿಂದ ಮಾನನಷ್ಟ ಮೊಕದ್ದಮೆ, ಇನ್ನೊಂದು ಕಡೆಯಿಂದ ಪೊಲೀಸ್ ದೂರು ದಾಖಲಾದವು. ದೂರು ದಾಖಲಾದದ್ದು ಕಬ್ಬನ್ ಪಾರ್ಕ್ ಠಾಣೆಯಲ್ಲಿ. ಹಾದರದ ತೆರಿಗೆಯನ್ನು ತೆಗೆದುಹಾಕಿದವರ ಹೆಸರು ಹೀಗೆ ಮತ್ತೆ ಈ ಕಥೆಯೊಳಗೆ ಬರುವುದು ಕಾಕತಾಳೀಯವೇ ಸರಿ. 2021ರ ನವೆಂಬರಿನಲ್ಲಿ ಪೊಲೀಸರು ಸಾಕ್ಷ್ಯಾಧಾರ ಸಾಲದೆಂದು ಬಿ ವರದಿ, ಎಂದರೆ ಪ್ರಕರಣ ಮುಕ್ತಾಯಗೊಳಿಸಲು ಕೋರುವ ವರದಿ, ಸಲ್ಲಿಸಿದರು. ಸಾಕ್ಷಿಯಿಲ್ಲದಿರುವುದು ಆರೋಪವನ್ನು ಸಾಬೀತುಪಡಿಸುವುದಿಲ್ಲ, ಆರೋಪ ಸುಳ್ಳೆಂದೂ ಸಾಬೀತುಪಡಿಸುವುದಿಲ್ಲ. ಆದರೂ ವಾದಿಸುತ್ತಿದ್ದವರೆಲ್ಲ ಎರಡರಲ್ಲೊಂದನ್ನು ಆರಿಸಿಕೊಂಡು ಮನೆಗೆ ಹೋದರು. ಕೇರಳದಲ್ಲಿ ಚಿತ್ರರಂಗದ ಹೆಂಗಸರ ಸ್ಥಿತಿಗತಿಯ ಬಗೆಗಿನ ಹೇಮಾ ಸಮಿತಿಯ ವರದಿ 2024ರ ಆಗಸ್ಟಿನಲ್ಲಿ ಪ್ರಕಟವಾದಾಗ ‘ಫೈರ್’ ಸಂಘಟನೆಯ ಕಲಾವಿದರು ಕರ್ನಾಟಕದಲ್ಲೂ ಅಂಥದೇ ಸಮಿತಿಗಾಗಿ ಮುಖ್ಯಮಂತ್ರಿಗೆ ಮನವಿ ಕೊಟ್ಟರು, ರಾಜ್ಯ ಮಹಿಳಾ ಆಯೋಗವು ಮಂಡಳಿಯ ಸಭೆಗೇ ಹೋಗಿ ದೂರು ಸಮಿತಿ ರಚಿಸಲು ಒತ್ತಾಯಿಸಿತು.

ಮಠದ ವಿಷಯ ಇನ್ನೂ ಸೂಕ್ಷ್ಮವಾದದ್ದು, ಏಕೆಂದರೆ ಮಧ್ಯ ಕರ್ನಾಟಕದಲ್ಲಿ ಮಠವೇ ನ್ಯಾಯಸ್ಥಾನ. ಸಿರಿಗೆರೆಯ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠದಲ್ಲಿ ಪ್ರತಿ ಸೋಮವಾರ ಜಮೀನು, ಸಂಸಾರ, ಪಾಲುಪಟ್ಟಿಗಳ ವ್ಯಾಜ್ಯಗಳು ಇತ್ಯರ್ಥವಾಗುತ್ತವೆ, ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆಯುವುದು ಅಲ್ಲಿ ಕೆಲವೇ ಭೇಟಿಗಳಲ್ಲಿ ಮುಗಿಯುವುದನ್ನು ಭಕ್ತರು ಕೃತಜ್ಞತೆಯಿಂದ ಹೇಳುತ್ತಾರೆ. ಹೀಗೆ ಗುರುವೇ ನ್ಯಾಯಾಧೀಶನಾಗಿರುವ ಪ್ರದೇಶದಲ್ಲಿ ಗುರುವಿನ ಮೇಲೆಯೇ ದೂರು ಬಂದರೆ ಅದನ್ನು ಕೇಳಲು ಜಾಗವೇ ಇರುವುದಿಲ್ಲ. 2022ರ ಆಗಸ್ಟಿನಲ್ಲಿ ಚಿತ್ರದುರ್ಗದ ಮುರುಘಾ ಮಠದ ವಿದ್ಯಾರ್ಥಿನಿಲಯದ ಬಾಲಕಿಯರು ಮಠಾಧೀಶರ ಮೇಲೆ ಹೇಳಿದ ಲೈಂಗಿಕ ದೌರ್ಜನ್ಯದ ದೂರು, ಒಡನಾಡಿ ಸಂಸ್ಥೆಯ ನೆರವಿನಿಂದ, ಚಿತ್ರದುರ್ಗದಲ್ಲಲ್ಲದೆ ಮೈಸೂರಿನ ನಜರಬಾದ್ ಠಾಣೆಯಲ್ಲಿ ದಾಖಲಾದದ್ದನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಮಠಾಧೀಶರಾಗಿದ್ದ ಶಿವಮೂರ್ತಿ ಶರಣರು ಸೆಪ್ಟೆಂಬರ್ 1ರಂದು ಬಂಧಿತರಾದರು. 2025ರ ನವೆಂಬರಿನಲ್ಲಿ ಚಿತ್ರದುರ್ಗದ ನ್ಯಾಯಾಲಯವು ಮೊದಲ ಪ್ರಕರಣದಲ್ಲಿ ಅವರನ್ನು ಖುಲಾಸೆಗೊಳಿಸಿತು.

ಇನ್ನು ರಾಜಕಾರಣಿಯ ಮೇಲಿನ ದೂರು. ತಿಪಟೂರಿನ ಪಶ್ಚಿಮದ ಗಡಿಯಾಚೆ ಅರಸೀಕೆರೆ, ಅಲ್ಲಿಂದ ಮುಂದೆ ಹಾಸನ. ಎರಡೂ ಕಡೆಯ ತೋಟಗಳು ಒಂದೇ, ಕೊಡುಕೊಳ್ಳುವ ಸಂಬಂಧಗಳೂ ಒಂದೇ. ಹಾಸನದ ಪ್ರಬಲ ಮನೆತನದ ಹಿರಿಯರಾದ ಎಚ್.ಡಿ. ದೇವೇಗೌಡರು 2019ರಲ್ಲಿ ಸ್ಪರ್ಧಿಸಿ ಸೋತದ್ದು ಈ ಮೂರೂ ತಾಲ್ಲೂಕುಗಳು ಸೇರಿರುವ ತುಮಕೂರು ಕ್ಷೇತ್ರದಲ್ಲಿ. 2024ರ ಏಪ್ರಿಲ್ 26ರ ಮತದಾನದ ಮುಂಚಿನ ದಿನಗಳಲ್ಲಿ, ಅವರ ಮೊಮ್ಮಗ, ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಸಂಬಂಧಿಸಿದ್ದೆನ್ನಲಾದ ಲೈಂಗಿಕ ದೌರ್ಜನ್ಯದ ದೃಶ್ಯಗಳು ತುಂಬಿದ ಪೆನ್‌ಡ್ರೈವ್‌ಗಳು ಹಾಸನದ ಬೀದಿಗಳಲ್ಲಿ ಸಿಗತೊಡಗಿದವು. ಅತ್ಯಾಚಾರಕ್ಕೊಳಗಾದವರ ಹೆಸರು ಪ್ರಕಟಿಸುವುದನ್ನು 1983ರಿಂದಲೇ ಕಾನೂನು ನಿಷೇಧಿಸಿದ್ದರೂ, ಹಂಚಿದವರು ಹೆಂಗಸರ ಮುಖಗಳನ್ನು ಮರೆಮಾಡಲಿಲ್ಲ. ಊರ ಮುಂದೆ ನಿಲ್ಲಿಸುವ ಹಳೆಯ ಕ್ರಮ ಒಂದು ಹೆಬ್ಬೆರಳಿನಷ್ಟು ಸಾಧನದಲ್ಲಿ ಮರಳಿ ಬಂದಿತು. ಹಲವು ಹೆಂಗಸರು ಮನೆ ಬಿಟ್ಟು ಹೋದರು. ಪ್ರಜ್ವಲ್ ಜರ್ಮನಿಗೆ ತೆರಳಿ, ಮೇ 31ರಂದು ಬೆಂಗಳೂರಿಗೆ ಮರಳಿದಾಗ ಬಂಧಿತರಾದರು. ರಾಜಕೀಯ ಪಕ್ಷಗಳ ನಡುವಿನ ವಾದ ಪೆನ್‌ಡ್ರೈವ್ ಹಂಚಿದವರು ಯಾರೆಂಬುದರ ಸುತ್ತಲೇ ಬಹುಕಾಲ ಸುತ್ತಿತು.

ದೂರು ಕೊಟ್ಟವರಲ್ಲಿ ಒಬ್ಬರು ಆ ಕುಟುಂಬದ ತೋಟದ ಮನೆಯಲ್ಲಿ ಕೆಲಸಕ್ಕಿದ್ದ ಮಹಿಳೆ. ಹೊಳೆನರಸೀಪುರ ತಾಲ್ಲೂಕಿನ ಗನ್ನಿಕಡದ ಆ ತೋಟದ ಮನೆಯ ಅಟ್ಟದ ಮೇಲೆ ಉಳಿದಿದ್ದ ಅವರ ಸೀರೆಯೊಂದನ್ನು ವಿಶೇಷ ತನಿಖಾ ತಂಡ ವಶಪಡಿಸಿಕೊಂಡು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸಿತು, ಮತ್ತು ಅದರ ಮೇಲಿನ ಕಲೆಗಳ ಡಿಎನ್ಎ ಪರೀಕ್ಷೆ ಮೊಕದ್ದಮೆಯ ಮುಖ್ಯ ಸಾಕ್ಷ್ಯವಾಯಿತು. 2025ರ ಆಗಸ್ಟ್ 1ರಂದು ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯವು ಪ್ರಜ್ವಲ್ ಅವರನ್ನು ಅಪರಾಧಿಯೆಂದು ಘೋಷಿಸಿ, ಮರುದಿನ ಜೀವಿತಾವಧಿಯ ಸೆರೆವಾಸ ವಿಧಿಸಿತು. ಅದರ ವಿರುದ್ಧದ ಮೇಲ್ಮನವಿ ಹೈಕೋರ್ಟಿಗೆ ಹೋಗಿದೆ. ದಂಡದ ಮೊತ್ತದಲ್ಲಿ 11.25 ಲಕ್ಷ ರೂಪಾಯಿ ಆ ಮಹಿಳೆಯ ಕೈಗೇ ಸೇರಬೇಕೆಂದು ತೀರ್ಪಿನಲ್ಲಿ ಬರೆದಿದೆ.